ಮಣ್ಣಿನ ಗೋಡೆಗೆ ಪರೀಕ್ಷೆ ಆಗಲಿ

(ಗಿರಣಿ ಕೆಲಸಗಾರರ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದು ಕೂಲಿಯ ವಿಷಯವನ್ನಾಗಲಿ ಬೋನಸ್ಸಿನ ವಿಷಯವನ್ನಾಗಲಿ ಮಾತಾಡಲು ನಾವು ಎದ್ದುನಿಂತಿಲ್ಲ. ಗೋಡೆಯ ವಿಷಯ ಮಾತಾಡಬೇಕಾಗಿದೆ. ಇದೇನು, ಮೇಷ್ಟ್ರು ಪಕ್ಷದ ಕೆಲಸ ಬಿಟ್ಟು ಗಾರೆ ಕೆಲಸಕ್ಕೆ ಇಳಿದರೇ ಎಂದು ನೀವು ನಗಬಹುದು. ನಕ್ಕ ಮೇಲೆ ಕೇಳಿರಿ.

ಕಳೆದ ಬೇಸಿಗೆಯಲ್ಲಿ ನೂಲುವ ಖಾತೆಯ ಸಂಗಾತಿಯೊಬ್ಬರು ಮನೆಗೆ ಒಂದು ಕೋಣೆ ಕೂಡಿಸಲು ಸಾಲ ಕೇಳಿದರು. ಅರ್ಜಿಯನ್ನು ನಾವೇ ಬರೆದುಕೊಟ್ಟಿದ್ದೆವು. ಮನೆ ನೋಡಲು ಒಬ್ಬ ಅಧಿಕಾರಿ ಬಂದರು. ಗೋಡೆಯನ್ನು ಉಗುರಿನಿಂದ ಒಮ್ಮೆ ಕೆರೆದು, ಉಗುರಿಗೆ ಅಂಟಿದ್ದನ್ನು ನೋಡಿ, ಹಾಳೆಯ ಮೇಲೆ 'ಕಚ್ಚಾ' ಎಂದು ಬರೆದು ಹೊರಟರು. ಆ ಗೋಡೆ ಸಂಗಾತಿಯ ತಂದೆಯವರು ಕಟ್ಟಿದ್ದು. ಮೊಳದಗಲದ ಹಸಿ ಇಟ್ಟಿಗೆಯದು. ಎಷ್ಟೋ ಮಳೆಗಾಲ ಕಂಡದ್ದು. ನಾವು ಬೆನ್ನ ಹಿಂದೆಯೇ ಹೋಗಿ ಕೇಳಿದೆವು: "ಸ್ವಾಮಿ, ಯಾವ ಪರೀಕ್ಷೆ ಮಾಡಿದಿರಿ?" ಅವರು ಹೇಳಿದ ಉತ್ತರ ಇಷ್ಟೇ: "ಮಣ್ಣು ತಾನೇ?"

ಅಂದಿನಿಂದ ಈ ಎರಡು ಮಾತು ನಮ್ಮ ತಲೆಯಲ್ಲಿ ಕೊರೆಯುತ್ತಿವೆ. ಮಣ್ಣು ಎಂಬ ಹೆಸರೇ ತೀರ್ಪಾಗಿಬಿಟ್ಟರೆ ನಿಯಮಗಳ ಪುಸ್ತಕವೇಕೆ ಬೇಕು? ನಮ್ಮ ಓದು ಮೆಟ್ರಿಕ್‌ಗೆ ಮುಗಿದದ್ದು. ಆದರೂ ಕೈಗೆ ಸಿಕ್ಕ ಪುಸ್ತಕಗಳನ್ನು ಹುಡುಕಿ, ತಿಳಿದವರನ್ನು ಕೇಳಿ, ಲೆಕ್ಕ ಹಾಕಿ ನೋಡಿದೆವು. ನಮಗೆ ಕಂಡದ್ದೇನೆಂದರೆ, ಮಣ್ಣಿನ ಗೋಡೆಯನ್ನು ಕಾನೂನು ತಳ್ಳಿಹಾಕಿಲ್ಲ. ಕಾನೂನು ಕೇಳುವುದು ಪರೀಕ್ಷೆಯನ್ನು. ಪರೀಕ್ಷೆಗೆ ಒಳಪಡಿಸದೆಯೇ ತಳ್ಳಿಹಾಕುತ್ತಿರುವವರು ಬೇರೆ.

ಮೊದಲು ಒಂದು ವಿಚಿತ್ರವನ್ನು ಹೇಳಿಬಿಡುತ್ತೇವೆ. ನಮ್ಮ ದೇಶದ ಜನಗಣತಿಯಲ್ಲಿ ಮನೆಗಳನ್ನು ಕಾಯಂ, ತಾತ್ಕಾಲಿಕ ಎಂದು ವಿಂಗಡಿಸುವರು. 2011ರ ಗಣತಿಯ ಪ್ರಕಾರ ಸುಟ್ಟ ಇಟ್ಟಿಗೆ, ಕಾಂಕ್ರೀಟು ಇವುಗಳ ಗೋಡೆ ಕಾಯಂ ಆದದ್ದು, ಸರಿ. ತಗಡಿನ ಗೋಡೆಯೂ, ಆಸ್‌ಬೆಸ್ಟಾಸ್ ಶೀಟಿನ ಗೋಡೆಯೂ ಕಾಯಂ! ಮಣ್ಣು, ಹಸಿ ಇಟ್ಟಿಗೆ ಮಾತ್ರ ಹುಲ್ಲು, ಪ್ಲಾಸ್ಟಿಕ್ ಹಾಳೆಗಳ ಸಾಲಿನಲ್ಲಿ ತಾತ್ಕಾಲಿಕ. ಮೊಳದಗಲದ ಗೋಡೆ ತಾತ್ಕಾಲಿಕವಂತೆ, ಗಾಳಿಗೆ ಬಡಿದಾಡುವ ತಗಡು ಕಾಯಮ್ಮಂತೆ. ತಗಡಿನ ಮನೆಯಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಳೆದವರು ಈ ಪಟ್ಟಿಯನ್ನು ಬರೆದಿರಲಾರರು.

ಇರಲಿ. ಈಗ ಬಲದ ಮಾತು. ಗೋಡೆಯೊಂದು ಎಷ್ಟು ಭಾರ ಹೊರಬೇಕು? ಲೆಕ್ಕವೆಂದರೆ ಹೆದರಬೇಡಿರಿ; ಏಳನೆಯ ತರಗತಿಯ ಹುಡುಗರಿಗೆ ನಾವು ಕಲಿಸುತ್ತಿದ್ದ ಲೆಕ್ಕಕ್ಕಿಂತ ಇದು ಕಷ್ಟದ್ದಲ್ಲ. ಎರಡು ಕೋಣೆಯ, ಒಂದೇ ಅಂತಸ್ತಿನ ಮನೆ ಎಂದಿಟ್ಟುಕೊಳ್ಳಿ. ಕೋಣೆ ಒಂದೊಂದೂ 3 ಮೀಟರ್ ಅಗಲ. ಅತಿ ಹೆಚ್ಚು ಭಾರ ಬೀಳುವುದು ನಡುಗೋಡೆಯ ಮೇಲೆ, ಏಕೆಂದರೆ ಎರಡೂ ಕಡೆಯ ಮಾಳಿಗೆಯ ಅರ್ಧರ್ಧ ಪಾಲನ್ನು ಅದೇ ಹೊರಬೇಕು. ಆ ಗೋಡೆ 23 ಸೆಂಟಿಮೀಟರ್ ದಪ್ಪ, 3 ಮೀಟರ್ ಎತ್ತರ ಇರಲಿ. ಅದರ ಒಂದು ಮೀಟರ್ ಉದ್ದವನ್ನು ಮಾತ್ರ ನೋಡೋಣ. ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಘನ ಮೀಟರಿಗೆ ಸುಮಾರು 1800 ಕಿಲೋ ತೂಗುತ್ತದೆ. ಆದುದರಿಂದ ಗೋಡೆಯ ಸ್ವಂತ ತೂಕ ಸುಮಾರು 1250 ಕಿಲೋ. ಮೇಲೆ ಹಗುರ ಹೆಂಚಲ್ಲ, ಕಾಂಕ್ರೀಟ್ ಮಾಳಿಗೆಯನ್ನೇ ಹಾಕಿದ್ದೇವೆ ಎನ್ನೋಣ. ಅದರ ಮೇಲೆ ಜನ ಓಡಾಡುವುದನ್ನೂ ಸೇರಿಸಿ ಚದರ ಮೀಟರಿಗೆ 550 ಕಿಲೋ ಹಿಡಿಯೋಣ. ಮೂರು ಚದರ ಮೀಟರಿಗೆ 1650 ಕಿಲೋ. ಒಟ್ಟು 2900 ಕಿಲೋ. ಇದು ಕೂತಿರುವುದು 2300 ಚದರ ಸೆಂಟಿಮೀಟರ್ ಜಾಗದ ಮೇಲೆ. ಭಾಗಿಸಿರಿ. ಚದರ ಸೆಂಟಿಮೀಟರಿಗೆ ಒಂದೂಕಾಲು ಕಿಲೋ, ಅಷ್ಟೇ.

ಈಗ ನಿಯಮ ಕೇಳುವುದೆಷ್ಟು? ಭಾರತೀಯ ಮಾನಕದಲ್ಲಿ ಮಣ್ಣಿನ ಇಟ್ಟಿಗೆಗೆಂದೇ ಒಂದು ಪುಸ್ತಕವಿದೆ. ಅದರ ಸಂಖ್ಯೆ ಐ.ಎಸ್. 1725. ಬರೆದಿಟ್ಟುಕೊಳ್ಳಿರಿ, ಕಚೇರಿಯಲ್ಲಿ ಉಪಯೋಗಕ್ಕೆ ಬರುತ್ತದೆ. 1982ರ ಆವೃತ್ತಿಯಲ್ಲಿ ಸಿಮೆಂಟಿನಂಥದ್ದು ಬೆರೆಸಿ ಸ್ಥಿರಗೊಳಿಸಿದ ಮಣ್ಣಿನ ಇಟ್ಟಿಗೆಗೆ ಎರಡು ದರ್ಜೆಗಳಿದ್ದವು: ಚದರ ಸೆಂಟಿಮೀಟರಿಗೆ 20 ಕಿಲೋ ತಡೆಯುವುದು ಒಂದು, 30 ಕಿಲೋ ತಡೆಯುವುದು ಇನ್ನೊಂದು. 2013ರಲ್ಲಿ ಆ ಪುಸ್ತಕವನ್ನು ಪರಿಷ್ಕರಿಸಿದರು. ಕೆಳದರ್ಜೆಯ 20 ಕಿಲೋವನ್ನೇ ಹಿಡಿಯಿರಿ. ಒಂದೂಕಾಲು ಎಲ್ಲಿ, ಇಪ್ಪತ್ತು ಎಲ್ಲಿ! ಆದರೆ ಇಲ್ಲಿ ಹಿಗ್ಗಿಬಿಡುವುದು ತಪ್ಪು. ಒಂಟಿ ಇಟ್ಟಿಗೆಯ ಬಲ ಇಡೀ ಗೋಡೆಗೆ ಇರುವುದಿಲ್ಲ. ನಡುವೆ ಗಾರೆಯ ಸಂದು ಇರುತ್ತದೆ, ಕಟ್ಟುವವನ ಕೈ ತಪ್ಪುತ್ತದೆ. ಸಾಧಾರಣ ಸುಟ್ಟ ಇಟ್ಟಿಗೆಯ ಗೋಡೆಯಲ್ಲಾದರೂ ಇಂಜಿನಿಯರುಗಳು ಇಟ್ಟಿಗೆಯ ಬಲದ ಸುಮಾರು ಹತ್ತರಲ್ಲೊಂದು ಪಾಲನ್ನಷ್ಟೇ ನಂಬುವರು. ಅದೇ ಕಟ್ಟುನಿಟ್ಟನ್ನು ನಾವೂ ಹಾಕಿಕೊಳ್ಳೋಣ. ಇಪ್ಪತ್ತರ ಹತ್ತನೆಯ ಪಾಲು ಎರಡು. ಬೇಕಾದದ್ದು ಒಂದೂಕಾಲು. ಸಾಕಲ್ಲವೇ?

ಹಾಗಾದರೆ ಮಣ್ಣಿನ ಮನೆ ಬೀಳುವುದೇಕೆ? 2009ರ ನೆರೆಯಲ್ಲಿ, 2019ರ ನೆರೆಯಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಮಣ್ಣಿನ ಮನೆಗಳು ಕುಸಿದದ್ದನ್ನು ಯಾರೂ ಮರೆತಿಲ್ಲ. ಅವು ಮಾಳಿಗೆಯ ಭಾರಕ್ಕೆ ಬಿದ್ದವಲ್ಲ, ನೀರಿಗೆ ಬಿದ್ದವು. ಬರೀ ಮಣ್ಣನ್ನು ಹಿಡಿದಿಡುವುದು ಅದರೊಳಗಿನ ಜೇಡಿ. ಒಣಗಿದ್ದಾಗ ಜೇಡಿ ಅಂಟು, ನೆನೆದಾಗ ಕೆಸರು. ಆದುದರಿಂದಲೇ ನಿಯಮ ಒಣ ಇಟ್ಟಿಗೆಯ ಬಲವನ್ನು ಕೇಳುವುದಿಲ್ಲ. ನೀರಿನಲ್ಲಿ ಮುಳುಗಿಸಿಟ್ಟು, ತೆಗೆದು, ಒದ್ದೆಯಾಗಿರುವಾಗಲೇ ಯಂತ್ರದಲ್ಲಿ ಹಾಕಿ ಒತ್ತುವರು. ಕುಡಿದ ನೀರು ತೂಕದ ನೂರಕ್ಕೆ 15 ಪಾಲು ಮೀರಕೂಡದು ಎಂದು 1982ರ ಪುಸ್ತಕ ಹೇಳುತ್ತಿತ್ತು. ಇದನ್ನು ನಾವು ಒಪ್ಪುತ್ತೇವೆ. ಇದು ನ್ಯಾಯವಾದ ಪರೀಕ್ಷೆ. ಉಗುರಿನಿಂದ ಕೆರೆಯುವುದು ಪರೀಕ್ಷೆಯಲ್ಲ.

ಈ ಒದ್ದೆ ಪರೀಕ್ಷೆಯನ್ನು ಗೆಲ್ಲುವ ದಾರಿಯನ್ನು ಬೇರೆ ದೇಶದಿಂದ ತರಬೇಕಾಗಿಲ್ಲ. 1948ರಲ್ಲಿ, ದೇಶ ಒಡೆದ ಮರುವರ್ಷ, ಆಗಿನ ಪೂರ್ವ ಪಂಜಾಬಿನ ಕರ್ನಾಲದಲ್ಲಿ ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಗುದ್ದಿ ಕಟ್ಟಿದ ಗೋಡೆಗಳಿಂದ ಸಾವಿರಾರು ಮನೆಗಳೆದ್ದವು. 1950ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ ರೌಲ್ ರಾಮಿರೆಜ್ ಎಂಬ ಇಂಜಿನಿಯರರು ಕೈಯಿಂದ ಒತ್ತುವ ಇಟ್ಟಿಗೆ ಯಂತ್ರವೊಂದನ್ನು ಮಾಡಿದರು; ಸಿನ್ವಾ-ರಾಮ್ ಎಂದು ಅದರ ಹೆಸರು. ನಮ್ಮ ನಾಡಿನಲ್ಲಿ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಅದನ್ನು ಕಟ್ಟಿದವರು ಅಮೂಲ್ಯ ರೆಡ್ಡಿಯವರು. ವಿಜ್ಞಾನ ಹಳ್ಳಿಯ ಕೆಲಸಕ್ಕೆ ಬರಬೇಕು ಎಂಬುದು ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೇಂದ್ರ ಮಾಡಿಕೊಂಡು ಅಲ್ಲಿಯೂ ಕೆಲಸ ನಡೆಸಿದರು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದ ಪ್ರಾಧ್ಯಾಪಕರು ಮಣ್ಣನ್ನು ಪ್ರಯೋಗಶಾಲೆಗೆ ಒಯ್ದು ವರ್ಷಗಟ್ಟಲೆ ಪರೀಕ್ಷಿಸಿದರು. ಮರಳಿನಂಶ ಹೆಚ್ಚಿರುವ ಕೆಂಪು ಮಣ್ಣಿಗೆ ನೂರಕ್ಕೆ ಏಳರಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರು ಚಿಮುಕಿಸಿ ಹದ ಮಾಡಿದರೆ, ಒದ್ದೆಯಾಗಿದ್ದಾಗಲೂ ಚದರ ಸೆಂಟಿಮೀಟರಿಗೆ 30ರಿಂದ 40 ಕಿಲೋ ತಡೆಯುವ ಇಟ್ಟಿಗೆ ಬರುತ್ತದೆ ಎಂದು ತೋರಿಸಿಕೊಟ್ಟರು. ಸುಟ್ಟ ಇಟ್ಟಿಗೆಯ ಮಾನಕದಲ್ಲಿ ಕೆಳಗಿನ ದರ್ಜೆಗೆ ಬೇಕಾದದ್ದು ಸುಮಾರು 35 ಕಿಲೋ. ಗೂಡಿನಿಂದ ಬರುವ ಇಟ್ಟಿಗೆಗೆ ಅಷ್ಟಾದರೂ ಬಲವಿದೆಯೇ ಎಂದು ನಮ್ಮ ಬಡಾವಣೆಯಲ್ಲಿ ಯಾರಾದರೂ ಪರೀಕ್ಷೆ ಮಾಡಿಸಿದ್ದನ್ನು ನೀವು ಕಂಡಿದ್ದೀರಾ? ಕೆಂಪಗಿದ್ದರೆ ಪಾಸು!

ನಮ್ಮ ಊರಿನ ಒಂದು ತೊಡಕನ್ನು ಮುಚ್ಚಿಡುವುದಿಲ್ಲ. ನಮ್ಮದು ಎರೆ ಭೂಮಿ. ಹತ್ತಿಗೆ ತಾಯಿ, ಗೋಡೆಗೆ ಶತ್ರು. ಎರೆ ಮಣ್ಣಿನ ಜೇಡಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದಕ್ಕೆ ಬರೀ ಸಿಮೆಂಟು ಬೆರೆಸಿದರೆ ದುಡ್ಡು ದಂಡ. ಸುಣ್ಣ ಬೆರೆಸಬೇಕು, ಇಲ್ಲವೇ ಮರಳು ಸೇರಿಸಬೇಕು, ಇಲ್ಲವೇ ಗುಡ್ಡದ ಕಡೆಯಿಂದ ಕೆಂಪು ಮಣ್ಣನ್ನು ಗಾಡಿಯಲ್ಲಿ ತರಿಸಬೇಕು. ಯಾವ ಮಣ್ಣು ಎಂತಹದು ಎಂದು ತಿಳಿಯಲು ಗಾಜಿನ ಸೀಸೆ ಸಾಕು. ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಕೂಡಲೇ ತಳ ಸೇರುತ್ತದೆ, ನಯವಾದ ಹುಡಿ ಆಮೇಲೆ, ಜೇಡಿ ಎಲ್ಲಕ್ಕೂ ಕೊನೆಗೆ. ಮರುದಿನ ಪದರಗಳನ್ನು ಅಳೆದರೆ ಮಣ್ಣಿನ ಜಾತಕ ತಿಳಿಯುತ್ತದೆ.

ಸಿಮೆಂಟಿಲ್ಲದ, ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗೂ ಮಾನಕವಿದೆ ಎಂದರೆ ಆ ಅಧಿಕಾರಿಗಳು ನಂಬಲಾರರು. ಐ.ಎಸ್. 13827, 1993ನೆಯ ಇಸವಿಯದು. ಮಣ್ಣಿನ ಕಟ್ಟಡ ಭೂಕಂಪವನ್ನು ತಾಳಿಕೊಳ್ಳುವಂತೆ ಮಾಡುವುದು ಹೇಗೆ ಎಂಬುದೇ ಅದರ ವಿಷಯ. ಅದರಲ್ಲಿ ಒಂದು ಪರೀಕ್ಷೆಯಿದೆ. ಓದಿದಾಗ ನಮಗೆ ಸಂತೋಷದಿಂದ ನಗು ಬಂತು. ನಾಲ್ಕು ವಾರ ಬಿಸಿಲಿನಲ್ಲಿ ಒಣಗಿದ ಇಟ್ಟಿಗೆಯನ್ನು ಎರಡು ತುದಿಗೆ ಆಧಾರ ಕೊಟ್ಟು ಇಡಬೇಕು. ನಡುವೆ 60-70 ಕಿಲೋ ತೂಗುವ ಒಬ್ಬ ಮನುಷ್ಯ ಹತ್ತಿ ನಿಲ್ಲಬೇಕು. ಮುರಿಯದಿದ್ದರೆ ಇಟ್ಟಿಗೆ ಗೆದ್ದಂತೆ. ಮುರಿದರೆ ಜೇಡಿಯನ್ನೂ ಹುಲ್ಲು ನಾರನ್ನೂ ಹೆಚ್ಚಿಸಿ ಮತ್ತೆ ಮಾಡಬೇಕು. ಸರಕಾರದ ಮಾನಕ ಗ್ರಂಥವೇ ನಮ್ಮ ನೇಯ್ಗೆ ಖಾತೆಯವನೊಬ್ಬನನ್ನು ಯಂತ್ರವಾಗಿ ಒಪ್ಪಿಕೊಂಡಿದೆ. ಮಣ್ಣನ್ನು ಎರಡು ಸೆಂಟಿಮೀಟರಿನ ಉಂಡೆ ಮಾಡಿ ಒಣಗಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ ಒಡೆಯುತ್ತದೆಯೋ ನೋಡುವ ಪರೀಕ್ಷೆಯೂ ಅಲ್ಲಿದೆ. ಪ್ರಯೋಗಶಾಲೆಯೇ ಬೇಕೆಂಬವರಿಗೆ 10 ಸೆಂಟಿಮೀಟರಿನ ಗಟ್ಟಿ ಮಾಡಿ ಒತ್ತಿಸುವುದಿದೆ. ಚದರ ಸೆಂಟಿಮೀಟರಿಗೆ ಸುಮಾರು 12 ಕಿಲೋ ತಡೆದರೆ ಒಳ್ಳೆಯದೆನ್ನುತ್ತದೆ.

ಆದರೆ ಅದೇ ಪುಸ್ತಕ ನಮ್ಮ ಮೇಲೂ ಶಿಸ್ತು ಹೇರುತ್ತದೆ, ಅದನ್ನು ಬಿಟ್ಟು ಅನುಕೂಲದ್ದನ್ನಷ್ಟೇ ಓದುವುದು ವಕೀಲಿ ಚಾಳಿ. ಗೋಡೆಯ ಎತ್ತರ ದಪ್ಪದ ಎಂಟರಷ್ಟನ್ನು ಮೀರಕೂಡದು. ಅಂದರೆ 3 ಮೀಟರ್ ಎತ್ತರಕ್ಕೆ ಸುಮಾರು 38 ಸೆಂಟಿಮೀಟರ್ ದಪ್ಪ ಬೇಕು. ಹಿರಿಯರು ಮೊಳದಗಲದ ಗೋಡೆ ಇಟ್ಟದ್ದು ಸುಮ್ಮನೆ ಅಲ್ಲ. ಇಂದು ಜಾಗ ಉಳಿಸಲು ಅದನ್ನು ತೆಳ್ಳಗೆ ಮಾಡಿದವರು ಅಪಾಯವನ್ನು ಕಟ್ಟಿದರು. ಬಾಗಿಲು ಕಿಟಕಿಗಳ ಅಗಲ 1.2 ಮೀಟರಿನೊಳಗೆ ಇರಬೇಕು. ನಾಲ್ಕೂ ಗೋಡೆಗಳನ್ನು ಸುತ್ತಿ ಬಿಗಿಯುವ ಪಟ್ಟಿ, ಮರದ್ದಾಗಲಿ ಕಬ್ಬಿಣ ಹಾಕಿದ ಕಾಂಕ್ರೀಟಿನದಾಗಲಿ, ಇರಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಕಡೆ ಭೂಮಿ ನಡುಗಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಕೊಂದದ್ದು ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆ, ಮೇಲಿನ ಭಾರವಾದ ಮಣ್ಣಿನ ಮಾಳಿಗೆ, ಎರಡನ್ನೂ ಹಿಡಿದು ಕಟ್ಟುವ ಪಟ್ಟಿ ಇಲ್ಲದ್ದು. ಆ ಹೆಣಗಳನ್ನು ಮರೆತು ಮಣ್ಣಿನ ಗುಣಗಾನ ಮಾಡುವವರ ಮಾತನ್ನು ನೀವು ಕೇಳಬೇಡಿರಿ, ನಾವೇ ಆದರೂ ಸರಿ. ನಡುಗುವ ನೆಲದ ಮೇಲೇ ಇರುವ ನ್ಯೂಜಿಲೆಂಡ್ ದೇಶ 1998ರಲ್ಲಿ ಮಣ್ಣಿನ ಕಟ್ಟಡಗಳಿಗಾಗಿಯೇ ಮೂರು ಮಾನಕಗಳನ್ನು ಹೊರಡಿಸಿತು. ಅಪಾಯವಿದೆ ಎಂದು ನಿಷೇಧಿಸಲಿಲ್ಲ, ಹೀಗೆ ಕಟ್ಟಿ ಎಂದು ಹೇಳಿತು.

ಇನ್ನು ಶಾಖದ ವಿಷಯ. ಇದು ರಾತ್ರಿ ಪಾಳಿಯವರಿಗೆ ಸೇರಿದ್ದು. ಬೆಳಗ್ಗೆ ಮನೆಗೆ ಬಂದು ಒಂಬತ್ತು ಗಂಟೆಗೆ ಮಲಗಿ ನಾಲ್ಕಕ್ಕೆ ಏಳಬೇಕಾದವನು, ಊರೆಲ್ಲ ಕಾದು ಕುದಿಯುವ ಹೊತ್ತಿನಲ್ಲೇ ನಿದ್ದೆ ಮಾಡಬೇಕು. ನಿದ್ದೆಗೆಟ್ಟ ಕೈ ಯಂತ್ರದ ಹಲ್ಲಿಗೆ ಸಿಕ್ಕಿದರೆ ಅಪಘಾತದ ವರದಿಯಲ್ಲಿ 'ಕೆಲಸಗಾರನ ಅಜಾಗ್ರತೆ' ಎಂದು ಬರೆಯುವರು. ಅವನ ಮನೆಯ ಗೋಡೆ ಎಂತಹದು ಎಂದು ಯಾರೂ ಬರೆಯುವುದಿಲ್ಲ.

ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರ್ ಗೋಡೆಯ ಮೂಲಕ ಎಷ್ಟು ವಾಟ್ ಶಾಖ ಹರಿಯುತ್ತದೆ ಎಂಬುದು ಅಳತೆ. 1978ರ ಐ.ಎಸ್. 3792ರಲ್ಲಿ ಬಿಸಿ, ಒಣ ಸೀಮೆಯ ಗೋಡೆಗೆ ಹೇಳಿದ ಮಿತಿ 2.56. ಮಾನಕದ ಕೈಪಿಡಿಯಲ್ಲಿರುವ ಅಂಕಿಗಳನ್ನು ಹಿಡಿದು ನಾವು ಲೆಕ್ಕ ಹಾಕಿದೆವು. 38 ಸೆಂಟಿಮೀಟರಿನ ಹಸಿ ಇಟ್ಟಿಗೆ ಗೋಡೆಗೆ ಬಂದದ್ದು ಸುಮಾರು 1.5. ಒಂಬತ್ತಂಗುಲದ ಸುಟ್ಟ ಇಟ್ಟಿಗೆ ಗೋಡೆಗೆ ಸುಮಾರು 2.3. 15 ಸೆಂಟಿಮೀಟರಿನ ಗಟ್ಟಿ ಕಾಂಕ್ರೀಟಿಗೆ 4.1! 'ಪಕ್ಕಾ' ಎಂದು ಬರೆಸಿಕೊಂಡ ಗೋಡೆಯೇ ನಪಾಸು. ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ ಹಸಿ ಇಟ್ಟಿಗೆಗಿಂತ ಸಾಂದ್ರ, ಹೆಚ್ಚು ಶಾಖ ಬಿಡುತ್ತದೆ. 23 ಸೆಂಟಿಮೀಟರಿನಲ್ಲಿ ಅದು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಒದ್ದೆ ಗೋಡೆಯೂ ಹೆಚ್ಚು ಶಾಖ ಬಿಡುತ್ತದೆ. ಮಣ್ಣೆಂದರೆ ಹತ್ತಿಯ ಹಾಸಿಗೆಯಂತೆ ಶಾಖ ತಡೆಯುತ್ತದೆ ಎಂದು ತಿಳಿಯಬೇಡಿರಿ. ಮಣ್ಣಿನ ಗುಣ ಬೇರೆ. ಅದು ಶಾಖವನ್ನು ನುಂಗಿ ಇಟ್ಟುಕೊಂಡು ತಡವಾಗಿ ಬಿಡುತ್ತದೆ. 15 ಸೆಂಟಿಮೀಟರಿನ ಕಾಂಕ್ರೀಟನ್ನು ದಾಟಲು ಬಿಸಿಲಿನ ಕಾವಿಗೆ ಸುಮಾರು ನಾಲ್ಕು ಗಂಟೆ ಸಾಕು. ಮೊಳದಗಲದ ಮಣ್ಣನ್ನು ದಾಟಲು ಹನ್ನೆರಡು ಗಂಟೆ ಹತ್ತಿರ ಬೇಕು, ಆ ಹೊತ್ತಿಗೆ ಕಾವೂ ಬಹುಮಟ್ಟಿಗೆ ಸತ್ತಿರುತ್ತದೆ. ಬೆಳಗಿನ ಹತ್ತರ ಬಿಸಿಲು ಕಾಂಕ್ರೀಟಿನ ಮನೆಯಲ್ಲಿ ಮಧ್ಯಾಹ್ನ ಎರಡಕ್ಕೆ ನಿಮ್ಮನ್ನು ಎಬ್ಬಿಸುತ್ತದೆ. ಮಣ್ಣಿನ ಮನೆಯಲ್ಲಿ ಅದು ಒಳಗೆ ಬರುವಾಗ ನೀವು ಗಿರಣಿಯಲ್ಲಿರುತ್ತೀರಿ. ಆದರೆ ಮೇಲೆ ತಗಡು ಹೊದಿಸಿ ಗೋಡೆಯಿಂದ ತಂಪು ಬೇಡಿದರೆ ಆಗದು. ಮಾಳಿಗೆಯ ವಿಚಾರ ಇನ್ನೊಂದು ದಿನ ಮಾತಾಡೋಣ.

ಈಗ ಮುಖ್ಯ ಪ್ರಶ್ನೆ: ಇದನ್ನೆಲ್ಲ ಯಾರು ರುಜುವಾತು ಮಾಡಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದು ಮಾತಿದೆ. ಇಲ್ಲಿ ಹೆಸರಿಸದ ಸಾಮಗ್ರಿಯನ್ನಾಗಲಿ ವಿಧಾನವನ್ನಾಗಲಿ ತಡೆಯುವುದು ಸಂಹಿತೆಯ ಉದ್ದೇಶವಲ್ಲ, ಅದು ಅನುಮೋದನೆ ಪಡೆದಿದ್ದರೆ ಬಳಸಬಹುದು ಎಂದು. ಒಳ್ಳೆಯ ಮಾತು. ಅದರ ಜೊತೆಗೇ ಇನ್ನೊಂದಿದೆ. ಪುರಾವೆ ಸಾಲದಿದ್ದರೆ ಅಧಿಕಾರಿ ಪರೀಕ್ಷೆ ಕೇಳಬಹುದು; ಅದರ ಖರ್ಚು ಮನೆಯ ಮಾಲೀಕನದು. ಅಲ್ಲಿಗೆ ಬಂತು ನೋಡಿ. ಸಿಮೆಂಟು ಕಾರ್ಖಾನೆಯ ಚೀಲ ತನ್ನ ಮುದ್ರೆಯನ್ನು ಬೆನ್ನ ಮೇಲೆ ಹೊತ್ತೇ ಬರುತ್ತದೆ. ಹಿತ್ತಲಿನ ಮಣ್ಣಿಗೆ ಮುದ್ರೆ ಒತ್ತುವವರಾರು? ಅದನ್ನು ಮಾರಿ ಲಾಭ ಪಡೆಯುವವರಿಲ್ಲ, ಆದುದರಿಂದ ಅದಕ್ಕಾಗಿ ಪರೀಕ್ಷೆಯ ಹಣ ಕಟ್ಟುವವರೂ ಇಲ್ಲ. ಒಬ್ಬೊಬ್ಬ ಕೆಲಸಗಾರನೂ ತನ್ನ ಒಂದು ಕೋಣೆಗಾಗಿ ಪ್ರಯೋಗಶಾಲೆಗೆ ಓಡಬೇಕೆಂದರೆ ಅದು ಆಗುವ ಹೋಗುವ ಮಾತಲ್ಲ.

ಒಬ್ಬನಿಂದಾಗದ್ದನ್ನು ನಲವತ್ತು ಮನೆಯವರು ಮಾಡಬಹುದು. ಬಡಾವಣೆಯವರೆಲ್ಲ ಒಂದೇ ಗುಂಡಿಯ ಮಣ್ಣು, ಒಂದೇ ಬೆರಕೆ, ಒಂದೇ ಯಂತ್ರ ಎಂದು ಗೊತ್ತುಮಾಡಿಕೊಂಡರೆ ಒಂದೇ ಪರೀಕ್ಷೆ ಎಲ್ಲರಿಗೂ ಆದೀತು. ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಗೆ ಇಟ್ಟಿಗೆಗಳನ್ನು ಒಯ್ದು ಒದ್ದೆ ಬಲದ ಲಿಖಿತ ವರದಿ ಪಡೆಯೋಣ. ವರದಿಯ ಪ್ರತಿಯನ್ನು ಪ್ರತಿ ಅರ್ಜಿಗೂ ಲಗತ್ತಿಸೋಣ. ಸಿಮೆಂಟು ಸುಣ್ಣಗಳನ್ನು ಮಾರುವ ವ್ಯಾಪಾರಿ ಬಂಧುಗಳು ಇಲ್ಲಿದ್ದೀರಿ. ಮಣ್ಣಿನ ಇಟ್ಟಿಗೆಯಿಂದ ನಿಮ್ಮ ವ್ಯಾಪಾರ ಕೆಡುವುದಿಲ್ಲ, ಚೀಲ ಸ್ವಲ್ಪ ಕಡಿಮೆ ಹೋದರೂ ಕಟ್ಟುವ ಮನೆ ಹೆಚ್ಚುತ್ತದೆ. ಮೊದಲ ಬೆರಕೆಗೆ ಬೇಕಾದದ್ದನ್ನು ಸಾಲವಾಗಿ ಕೊಡಿರೆಂದು ಕೇಳುತ್ತೇವೆ, ದಾನವಾಗಿ ಅಲ್ಲ. ಅಂದು ಅರ್ಜಿ ಹಾಕಿದ್ದ ಸಂಗಾತಿ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರ ಕೋಣೆಯ ಇಟ್ಟಿಗೆಯೇ ಮೊದಲು ಯಂತ್ರಕ್ಕೆ ಹೋಗಲಿ. ಸೋತರೆ ಸೋತೆವೆಂದು ಇದೇ ಪತ್ರಿಕೆಯಲ್ಲಿ ಅಚ್ಚುಹಾಕುತ್ತೇವೆ.

ಮುಂದಿನ ಭಾನುವಾರ ಬರುವಾಗ ಪ್ರತಿಯೊಬ್ಬರೂ ನಿಮ್ಮ ಹಿತ್ತಲಿನ, ಒಂದು ಮೊಳ ಆಳದ ಮಣ್ಣನ್ನು ಗಾಜಿನ ಸೀಸೆಯಲ್ಲಿ ತನ್ನಿರಿ. ಮೇಲ್ಮಣ್ಣು ಬೇಡ, ಅದರಲ್ಲಿ ಬೇರು ಗೊಬ್ಬರ ಇರುತ್ತದೆ. ಸೀಸೆಯ ಮೇಲೆ ಹೆಸರು, ಬೀದಿ ಬರೆದಿರಲಿ. ಉಪ್ಪು ನಾವು ತರುತ್ತೇವೆ.